ಒಣಗಬಾರದ ಗೋಡೆ

ಬರ್ಲಿನ್, ೧೯೦೭ ಅಕ್ಟೋಬರ್ ೨

ನಿನ್ನೆ ಮನೆ ಬದಲಾಯಿಸಿದೆವು. ಅಕ್ಟೋಬರ್ ಒಂದರಂದು ಅರ್ಧ ಬರ್ಲಿನ್ ಹಾಸಿಗೆ ಹೇರಿಕೊಂಡು ಬೀದಿಯಲ್ಲಿರುತ್ತದೆ. ಉಳಿದರ್ಧ ಬಾಗಿಲಲ್ಲಿ ನಿಂತು ಯಾರ ಹಾಸಿಗೆಗೆ ಎಷ್ಟು ತೇಪೆ ಹಾಕಿದೆ ಎಂದು ನೋಡುತ್ತದೆ. ನಮ್ಮದರಲ್ಲಿ ನೋಡುವಷ್ಟು ಇತ್ತು. ನನ್ನ ಗಂಡ ಬ್ರೂನೊ ಕೈಗಾಡಿ ಎಳೆದ, ನಾನು ಹಿಂದಿನಿಂದ ತಳ್ಳಿದೆ. ಸೇತುವೆ ಏರುವಾಗ ಅವನು ನಡುನಡುವೆ ನಿಂತ. ನಿಂತಾಗಲೆಲ್ಲ “ಸ್ಟಾಪ್ ಬಂತು, ಇಳಿಯೋರು ಇಳೀರಿ!” ಎಂದು ಟ್ರಾಮ್ ಓಡಿಸುತ್ತಿದ್ದ ಕಾಲದ ದನಿಯಲ್ಲಿ ಕೂಗಿದ. ಜನ ನಕ್ಕರು. ಉಸಿರು ಸಾಲದೆ ನಿಂತದ್ದು ಎಂದು ಯಾರಿಗೂ ತಿಳಿಯಲಿಲ್ಲ.

ಮನೆ ಕಾಲುವೆಯ ದಂಡೆಯಲ್ಲಿದೆ, ಹೊಸದು. ಹೊಸದೆಂದರೆ ಗೋಡೆಯ ಸುಣ್ಣದ ಗಾರೆ ಇನ್ನೂ ಹಸಿಹಸಿ. ಇಂಥ ಕಡೆ ಮರ್ಯಾದಸ್ಥರನ್ನು ತಂದು ಇಡಲಾಗದು, ಅದಕ್ಕೆ ನಮ್ಮಂಥವರು ಬೇಕು. ಹೆಸರಿಗಷ್ಟು ಬಾಡಿಗೆ ಕೊಟ್ಟು ಒಂದು ಚಳಿಗಾಲ ಇರುತ್ತೇವೆ. ನಮ್ಮ ಒಲೆಯ ಬಿಸಿಗೆ, ನಮ್ಮ ಉಸಿರಿಗೆ ಗೋಡೆ ಒಣಗುತ್ತದೆ. ಒಣಗಿದ ಕೂಡಲೇ ನಮ್ಮನ್ನು ಇನ್ನೊಂದು ಹಸಿ ಮನೆಗೆ ಸಾಗಿಸಿ, ಬಣ್ಣದ ಕಾಗದ ಅಂಟಿಸಿ, ನಿಜವಾದ ಬಾಡಿಗೆದಾರರನ್ನು ಕರೆಯುತ್ತಾರೆ. ಊರಲ್ಲಿ ನಮಗೆ ‘ಗೋಡೆ ಒಣಗಿಸುವವರು’ ಎಂದೇ ಹೆಸರು. ಬ್ರೂನೊನ ಕೆಲಸ ಹೋದ ಮೇಲೆ ಇದು ನಮ್ಮ ನಾಲ್ಕನೆಯ ಹಸಿ ಮನೆ.

ಆದರೆ ಈ ಸಲ ಹಿಂದಿನ ಅಂಗಳದ ಕೋಣೆಯಲ್ಲ. ಎರಡನೆಯ ಮಹಡಿ, ಬೀದಿಗೆ ಮುಖ ಮಾಡಿದ ದೊಡ್ಡ ಕಿಟಕಿ. ನಾನು ಹುಟ್ಟಿ ಬೆಳೆದದ್ದು ನೆಲಮಾಳಿಗೆಯಲ್ಲಿ. ಮದುವೆಯಾಗುವವರೆಗೂ ಬೀದಿಯ ಜನರನ್ನು ಮೊಣಕಾಲಿನಿಂದ ಕೆಳಗೆ ಮಾತ್ರ ಬಲ್ಲವಳು. ನಿನ್ನೆ ಗಂಟು ಬಿಚ್ಚುವ ಮೊದಲೇ ಹೋಗಿ ಕಿಟಕಿಯಲ್ಲಿ ನಿಂತೆ. ಕೆಳಗೆ ಟೊಪ್ಪಿಗೆಗಳು ಓಡಾಡುತ್ತಿದ್ದವು. ಮನೆಯಲ್ಲೇ ಕೂರುವ ಬ್ರೂನೊಗೆ ಒಳ್ಳೆಯದಾಯಿತು ಎಂದುಕೊಂಡೆ.

ಅಕ್ಟೋಬರ್ ೭

ಸೇಬಿನ ದೋಣಿಗಳು ಬಂದಿವೆ. ಬೊಹೆಮಿಯಾದಿಂದ ಹೊಳೆಯ ಗುಂಟ ಬಂದು ನಮ್ಮ ಕಿಟಕಿಯ ಕೆಳಗೇ ಸಾಲಾಗಿ ಕಟ್ಟಿಕೊಂಡಿವೆ. ಗಾಳಿ ಈ ಕಡೆ ಬೀಸಿದರೆ ಕೋಣೆಯ ಸುಣ್ಣದ ವಾಸನೆಯ ಮೇಲೆ ಸೇಬಿನ ವಾಸನೆ ಕೂರುತ್ತದೆ. ಹೆಂಗಸರು ಹಲಗೆಯ ಮೇಲೆ ನಡೆದು ದೋಣಿಗೆ ಹೋಗಿ, ಹಣ್ಣನ್ನು ಒತ್ತಿ, ಮೂಸಿ, ಬೈದು, ಕೊನೆಗೆ ಅದನ್ನೇ ಕೊಳ್ಳುತ್ತಾರೆ. ನಾನು ಕಿಟಕಿಯ ಬಳಿ ಕೂತು ಕೋಟುಗಳಿಗೆ ಕಾಜಾ ಹೊಲಿಯುತ್ತೇನೆ. ಬೆಳಕು ಇಷ್ಟಿದ್ದರೆ ಕೈ ತಾನೇ ಓಡುತ್ತದೆ.

ಬ್ರೂನೊ ಕುರ್ಚಿಯನ್ನು ಒಲೆಯ ಪಕ್ಕಕ್ಕೆ ಎಳೆದುಕೊಳ್ಳುತ್ತಾನೆ. ನಾನು ತಿರುಗಿ ಕಿಟಕಿಗೆ ತರುತ್ತೇನೆ. ತನಗಾಗಿ ಏನನ್ನೂ ಕೇಳದ ಸಂಕೋಚದವನು ಅವನು.

“ಬಾ, ನೋಡು, ಒಬ್ಬ ನೀರಿಗೆ ಬಿದ್ದ!” ಅಂದೆ.

“ನೀನೇ ನೋಡಿ ಹೇಳು ಮಾಲಿ. ನಾನು ನೋಡಿದ್ರೆ ಬರೀ ನೀರು, ನೀನು ಹೇಳಿದ್ರೆ ನಾಟಕ.”

ಹೇಳಿದೆ. ಬಿದ್ದವನನ್ನು ದೋಣಿಯ ಹೆಂಗಸು ಕಾಲರ್ ಹಿಡಿದು ಎತ್ತಿ, ಅವನ ಜೇಬಿನಿಂದ ತನ್ನದೇ ಎರಡು ಸೇಬು ತೆಗೆದುಕೊಂಡಳು. ಬ್ರೂನೊ ನಕ್ಕ, ನಗು ಕೆಮ್ಮಾಯಿತು, ಆ ಮೇಲೆ ಬಹಳ ಹೊತ್ತು ಕೆಮ್ಮೇ ಆಯಿತು.

ಅಕ್ಟೋಬರ್ ೧೪

ಕಟ್ಟಡದ ಮ್ಯಾನೇಜರ್ ಪಾಸೆವಾಕ್ ಬಂದಿದ್ದರು. ಅವರ ಪರೀಕ್ಷೆ ಸರಳ. ಜೇಬಿನಿಂದ ದೊಡ್ಡ ಬೀಗದ ಕೈ ತೆಗೆದು ಗೋಡೆಯನ್ನು ಕೆರೆಯುತ್ತಾರೆ. ಹಿಟ್ಟಿನಂತೆ ಉದುರಿದರೆ ಒಣಗಿದೆ, ಬೀಗದ ಕೈಗೆ ಮುದ್ದೆಯಾಗಿ ಅಂಟಿದರೆ ಹಸಿ ಇದೆ. ಇವತ್ತು ಅಂಟಿತು. ಬೀಗದ ಕೈಯನ್ನು ನನ್ನ ಒರೆಸುವ ಬಟ್ಟೆಗೇ ಒರೆಸಿದರು.

“ಉಸಿರಾಡ್ರೀ, ಇಬ್ರೂ ಚೆನ್ನಾಗಿ ಉಸಿರಾಡಿ. ಅದಕ್ಕೇ ತಾನೇ ನಿಮ್ಮನ್ನ ಇಟ್ಟಿರೋದು!”

“ನನ್ನ ಹತ್ರ ಇರೋದೇ ಅರ್ಧ ಉಸಿರು ಸ್ವಾಮಿ. ಅರ್ಧ ಗೋಡೆ ಒಣಗ್ಸಿ ಕೊಡ್ತೀನಿ, ಮಿಕ್ಕಿದ್ದು ಅವಳ ಲೆಕ್ಕ,” ಅಂದ ಬ್ರೂನೊ.

ಪಾಸೆವಾಕ್ ಕೆಟ್ಟವರಲ್ಲ. ಹೋಗುವಾಗ ಒಂದು ಬುಟ್ಟಿ ಕಲ್ಲಿದ್ದಲು ಹೆಚ್ಚಿಗೆ ಕಳಿಸುತ್ತೇನೆಂದರು, ಕಳಿಸಿಯೂ ಕಳಿಸಿದರು. ಅದು ಗೋಡೆಗೆ, ನಮಗಲ್ಲ, ಅದು ಬೇರೆ ಮಾತು.

ಅಕ್ಟೋಬರ್ ೨೦

ಭಾನುವಾರ. ಬ್ರೂನೊನ ಅಕ್ಕ ಹುಲ್ಡಾ ಬಂದಿದ್ದಳು. ಗಂಡ ಸತ್ತ ಮೇಲೆ ರಿಕ್ಸ್‌ಡಾರ್ಫ್‌ನಲ್ಲಿ ಒಂದು ಬ್ರೆಡ್ ಅಂಗಡಿಯಲ್ಲಿ ದುಡಿದುಕೊಂಡು, ಅಂಗಡಿಯ ಹಿಂದಿನ ಎರಡನೆಯ ಅಂಗಳದಲ್ಲಿ, ಭಟ್ಟಿಯ ಮೇಲಿನ ಕೋಣೆಯಲ್ಲಿ ಇದ್ದಾಳೆ. ಒಳಗೆ ಕಾಲಿಟ್ಟವಳೇ ಗೋಡೆ ಮುಟ್ಟಿ ನೋಡಿದಳು.

“ಇದೇನೇ, ಮೀನು ಸಾಕ್ತಿದ್ದೀರಾ ಇಲ್ಲಿ?”

“ಒಣಗ್ತಾ ಇದೆ.”

“ಇದು ಒಣಗೋ ಹೊತ್ತಿಗೆ ಇವನು ನೆನೆದು ಹೋಗ್ತಾನೆ. ನೋಡು, ನನ್ನ ಕೋಣೇಲಿ ಭಟ್ಟಿ ಚಿಮಣಿಯ ಗೋಡೆ ಇದೆ. ಚಳಿಗಾಲದಲ್ಲೂ ಬೆಚ್ಚಗೆ, ಒಣ ಒಣ. ಹಾಸಿಗೆ ಅದರ ಪಕ್ಕಕ್ಕೆ ಹಾಕ್ತೀನಿ. ಇಬ್ರೂ ಬನ್ನಿ. ಬಾಡಿಗೇನೂ ಬೇಡ.”

“ಕಿಟಕಿ ಇದೆಯಾ?” ಅಂದೆ.

“ಬಾಗಿಲ ಮೇಲೆ ಗಾಜಿದೆ. ಕಿಟಕಿ ಏನು ತಿಂತೀಯೇನೇ?”

ಅವಳ ಬಾಯಿಯೇ ಹಾಗೆ. ಬ್ರೂನೊ ಅಕ್ಕನ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಅವಳು ತಂದ ರೊಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಮೂಸಿದ. ನಾನು, “ಯೋಚನೆ ಮಾಡ್ತೀವಿ” ಅಂದೆ. ಬ್ರೂನೊ ಹೊಲಿಗೆಯ ರಾಶಿಯ ಕಡೆ ನೋಡಿ, “ಮಾಲಿಗೆ ಬೆಳಕು ಬೇಕಲ್ಲ” ಅಂದ. ಅವನನ್ನು ಎರಡನೆಯ ಅಂಗಳದ ಕತ್ತಲಲ್ಲಿ ತುರುಕಲು ನನಗೆ ಮನಸ್ಸಿಲ್ಲ.

ನವೆಂಬರ್ ೪

ಕಾರ್ಮಿಕ ನಿಧಿಯ ಡಾಕ್ಟರ್ ಕಾಲಿಷರ್ ಬಂದರು. ಎದೆಗೆ ಕಿವಿಯಿಟ್ಟು ಕೇಳಿದರು, ಬೆನ್ನಿಗೆ ಕಿವಿಯಿಟ್ಟು ಕೇಳಿದರು. ಗೋಡೆಗೆ ಕಿವಿಯಿಡುವುದೊಂದು ಬಾಕಿ.

“ಒಣ ಜಾಗ ಬೇಕಮ್ಮ ಇವರಿಗೆ. ಔಷಧಿ ನಾನು ಕೊಡ್ತೀನಿ, ಆದ್ರೆ ಔಷಧಿ ಇದಲ್ಲ. ಒಣ ಜಾಗಕ್ಕೆ ಬೇಗ ಕರ್ಕೊಂಡು ಹೋಗಿ. ಯಾರಾದ್ರೂ ನೆಂಟರು?”

“ಇದ್ದಾರೆ. ನೋಡ್ತೀನಿ ಡಾಕ್ಟ್ರೇ.”

ನೋಡುತ್ತೇನೆಂದದ್ದು ಸುಳ್ಳಲ್ಲ. ಈ ವಾರ ಕೋಟುಗಳು ಬಹಳ ಇವೆ, ಮುಂದಿನ ವಾರ ಹೋಗಿ ಹುಲ್ಡಾಳ ಕೋಣೆ ನೋಡಿ ಬರಬೇಕು.

ಡಾಕ್ಟರ್ ಹೋದ ಮೇಲೆ ಬ್ರೂನೊ ತನ್ನ ‘ಮೊದಲನೆಯ ಹೆಂಡತಿ’ಯ ವಿಷಯ ತೆಗೆದ. ಅಲೆಕ್ಸಾಂಡರ್ ಚೌಕದಲ್ಲಿರುವ ಬೆರೊಲಿನಾ, ಈ ಊರಿನ ದೇವಿಯೆಂದು ನಿಲ್ಲಿಸಿದ ತಾಮ್ರದ ಹೆಣ್ಣು. ಟ್ರಾಮ್ ಓಡಿಸುವಾಗ ದಿನವೂ ಅವಳಿಗೆ ಟೊಪ್ಪಿಗೆ ಎತ್ತಿ ಸಲಾಂ ಹೊಡೆಯುತ್ತಿದ್ದನಂತೆ.

“ಎಂಥ ಹೆಂಗಸು! ಒಂದು ದಿನ ಬೈದಿಲ್ಲ. ಮಳೆ ಬರ್ಲಿ, ಹಿಮ ಬೀಳ್ಲಿ, ಕೈ ಚಾಚ್ಕೊಂಡು ನಿಂತಿರ್ತಾಳೆ.”

“ಅವಳ ಹತ್ರಾನೇ ಹೋಗು ಹಾಗಾದ್ರೆ.”

“ಹೋಗ್ತಿದ್ದೆ. ಅವಳಿಗೆ ಕಾಫಿ ಮಾಡೋಕೆ ಬರಲ್ಲ.”

ನವೆಂಬರ್ ೨೪

ಸತ್ತವರ ಭಾನುವಾರ. ಬೆಳಿಗ್ಗೆಯಿಂದ ಜನ ಹೂಚಕ್ರ ಹಿಡಿದುಕೊಂಡು ಸಮಾಧಿಗಳಿಗೆ ಹೋಗುತ್ತಿದ್ದಾರೆ. ಮೇಲಿನಿಂದ ನೋಡಿದರೆ ಕಪ್ಪು ಟೊಪ್ಪಿಗೆ, ಹಸಿರು ಚಕ್ರ, ಕಪ್ಪು ಟೊಪ್ಪಿಗೆ. ಯಾರು ಹೊಸದಾಗಿ ಕಳೆದುಕೊಂಡವರು, ಯಾರು ಹಳಬರು ಎಂದು ನಡಿಗೆಯಲ್ಲೇ ಹೇಳಬಹುದು. ಹಳಬರು ಮಾತಾಡಿಕೊಂಡು ಹೋಗುತ್ತಾರೆ. ಮಧ್ಯಾಹ್ನದವರೆಗೂ ನೋಡುತ್ತಿದ್ದೆ, ಆಲೂಗಡ್ಡೆ ತಳ ಹಿಡಿಯಿತು.

ಕಿಟಕಿಗೆ ಜಾಲರಿ ಪರದೆ ಹಾಕಿದ್ದೇನೆ. ಹಳೆಯದು, ಕಿತ್ತ ಕಡೆ ಹೊಲಿದಿದ್ದೇನೆ, ಆದರೂ ಪರದೆಯೇ. ಕೆಳಗೆ ಬಾಗಿಲು ಕಾಯುವ ನಿಚ್ಕೆಯಮ್ಮ ಬೀದಿಯಿಂದಲೇ ನೋಡಿ ಮೇಲೆ ಹತ್ತಿ ಬಂದಳು.

“ಏನ್ರೀ ಇದು, ಎರಡು ದಿನದ ಛತ್ರಕ್ಕೆ ಪರದೆ! ನಾಳೆ ಪಿಯಾನೊ ತರಿಸ್ತೀರೇನೋ.”

“ತರಿಸಿದ್ರೆ ಮೊದಲು ನಿಮ್ಮನ್ನೇ ಕರೀತೀನಿ, ಹೊತ್ತು ತರೋಕೆ,” ಅಂದೆ.

ಹುಲ್ಡಾಳ ಮನೆಗೆ ಹೋಗಲಾಗಲಿಲ್ಲ.

ಡಿಸೆಂಬರ್ ೯

ಪಾಸೆವಾಕ್ ಕೆರೆದರು. ಒಲೆಯ ಪಕ್ಕದ ಗೋಡೆ ಉದುರಿತು. ಹಾಸಿಗೆಯ ಹಿಂದಿನದು, ಕಿಟಕಿಯ ಪಕ್ಕದ್ದು, ಅಲ್ಪಸ್ವಲ್ಪ ಅಂಟಿತು.

“ಭೇಷ್! ಇನ್ನೊಂದೆರಡು ವಾರ. ಕ್ರಿಸ್ಮಸ್ ಕಳೀತಿದ್ದ ಹಾಗೆ ನೀವು ಲಿಖ್ಟೆನ್‌ಬರ್ಗ್ ಕಟ್ಟಡಕ್ಕೆ ಹೋಗ್ಬೋದು. ಅಲ್ಲಿ ಈಗಷ್ಟೇ ಗಾರೆ ಮುಗಿದಿದೆ.”

“ಬೀದಿ ಕಡೆ ಕೋಣೆಯಾ?”

“ಹಿಂದಿನದು. ನಿಮಗ್ಯಾಕಮ್ಮ ಬೀದಿ?”

ಅವರು ಹೋದ ಮೇಲೆ ಬ್ರೂನೊ, “ಲಿಖ್ಟೆನ್‌ಬರ್ಗ್‌ಗೆ ಹೋಗೋ ಬದಲು ಹುಲ್ಡಾ ಹತ್ರ...” ಎಂದು ಶುರು ಮಾಡಿ ನಿಲ್ಲಿಸಿದ. ನಾನು ತಲೆ ಎತ್ತಲಿಲ್ಲ, ಕಾಜಾ ತಪ್ಪಿತ್ತು, ಬಿಚ್ಚಬೇಕಾಗಿತ್ತು. ಅವನು ಬಿಟ್ಟ ಮಾತನ್ನು ಮತ್ತೆ ಎತ್ತಿಕೊಳ್ಳಲಿಲ್ಲ.

ಡಿಸೆಂಬರ್ ೨೦

ವಿಚಿತ್ರವಾಯಿತು. ಹೊರಗೆ ಮಂಜು, ಒಗೆದ ಬಟ್ಟೆಯನ್ನೆಲ್ಲ ಕೋಣೆಯಲ್ಲೇ ಹಗ್ಗ ಕಟ್ಟಿ ಹರಡಿದ್ದೆ. ಮೂರು ದಿನ ಹಾಗೇ ಇತ್ತು. ಇವತ್ತು ಪಾಸೆವಾಕ್ ಬಂದು ಕೆರೆದರೆ ಬೀಗದ ಕೈಗೆ ಬೆಣ್ಣೆಯಂತೆ ಮೆತ್ತಿಕೊಂಡಿತು.

“ಏನ್ರೀ ಇದು! ಹೋದ್ಸಲ ಹಿಟ್ಟು ಬರ್ತಿತ್ತು. ಈಗ ನೋಡಿದ್ರೆ ಮುದ್ದೆ.” ತಲೆ ಕೆರೆದುಕೊಂಡರು. ಆಮೇಲೆ, ಹಾಗಾದರೆ ಜನವರಿ ಕೊನೆಯವರೆಗೂ ಇರಿ ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಅವರು ಮೆಟ್ಟಿಲಿಳಿಯುವ ಸದ್ದು ಮುಗಿಯುವವರೆಗೆ ಬಾಯಿಗೆ ಬಟ್ಟೆ ಅಡ್ಡ ಹಿಡಿದಿದ್ದೆ. ಎಷ್ಟು ದಿನದ ಮೇಲೆ ನಕ್ಕದ್ದು! ಬ್ರೂನೊನೂ ನನ್ನನ್ನು ನೋಡಿ ನಕ್ಕ.

ಡಿಸೆಂಬರ್ ೨೬

ಹಬ್ಬ ಕಳೆಯಿತು. ನಿನ್ನೆ ನಾನು ಚರ್ಚಿಗೆ ಹೋಗಿ ಬರುವಷ್ಟರಲ್ಲಿ ಹುಲ್ಡಾ ಬಂದು ಬ್ರೂನೊನ ಹತ್ತಿರ ಕೂತಿದ್ದಳು. ನಾನು ಬಂದದ್ದೇ ಇಬ್ಬರೂ ಮಾತು ನಿಲ್ಲಿಸಿದರು. ಅವಳ ಕಣ್ಣು ಕೆಂಪಾಗಿತ್ತು. ಕ್ರಿಸ್ಮಸ್ ರೊಟ್ಟಿ ಕೊಯ್ದು ಕೊಟ್ಟಳು, ಹೋಗುವಾಗ ನನ್ನ ಭುಜ ಮುಟ್ಟಿದಳು. ಆ ಹೆಂಗಸು ಬೈದರೇ ಎಷ್ಟೋ ಸಲೀಸು.

ಸಂಜೆ ಎದುರು ದಂಡೆಯ ಕಿಟಕಿಗಳಲ್ಲೆಲ್ಲ ಕ್ರಿಸ್ಮಸ್ ಮರದ ದೀಪಗಳು. ಕಾಲುವೆಯಲ್ಲಿ ಅವೆಲ್ಲ ತಲೆಕೆಳಗಾಗಿ ಉರಿಯುತ್ತಿದ್ದವು. ಬ್ರೂನೊನನ್ನು ಎಬ್ಬಿಸಿ ತೋರಿಸಿದೆ. “ಚೆನ್ನಾಗಿದೆ, ಚೆನ್ನಾಗಿದೆ” ಅಂದ, ಹಲ್ಲು ಕಟಕಟ ಅನ್ನುತ್ತಿತ್ತು.

೧೯೦೮ ಜನವರಿ ೮

ನಾಳೆ ಪಾಸೆವಾಕ್ ಬರುತ್ತಾರಂತೆ, ನಿಚ್ಕೆಯಮ್ಮ ಹೇಳಿದಳು. ಹೊರಗೆ ಒಣ ಹಿಮಗಾಳಿ. ಒಂದು ವಾರದಿಂದ ಹೊಗೆಯಿಲ್ಲದ ಆಕಾಶ. ಉಗುರಿನಿಂದ ಗೋಡೆ ಕೆರೆದು ನೋಡಿದೆ, ಹಿಟ್ಟು ಉದುರಿತು.

ಪಾತ್ರೆ ಉಜ್ಜುವ ಸ್ಪಂಜನ್ನು ಅದ್ದಿ ಹಾಸಿಗೆಯ ಹಿಂದಿನ ಗೋಡೆಗೆ ಒತ್ತಿದೆ. ಗೋಡೆ ಎಷ್ಟು ಕೊಟ್ಟರೂ ಎಳೆದುಕೊಳ್ಳುತ್ತದೆ. ಒಂದು ಬಕೆಟ್ ಮುಗಿಯಿತು.

ಇದನ್ನು ಬರೆದಿಡುವುದು ಯಾಕೆಂದರೆ ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಇಂಥ ಚಳಿಯಲ್ಲಿ ಕೈಗಾಡಿಯ ಮೇಲೆ ಬ್ರೂನೊನನ್ನು ಊರಾಚೆಗೆ ಎಳೆದುಕೊಂಡು ಹೋಗಲಾಗುತ್ತದೆಯೇ? ಹೊಸ ಕಟ್ಟಡದ ಗೋಡೆ ಇದಕ್ಕಿಂತ ಹಸಿ ಇರುತ್ತದೆ. ಹುಲ್ಡಾಳ ಕತ್ತಲ ಕೋಣೆಯಲ್ಲಿ ಅವನಿಗೆ ನೋಡಲಿಕ್ಕೆ ಏನಿದೆ? ಇಲ್ಲಿಯಾದರೆ ಕಾಲುವೆ ಇದೆ. ಎಲ್ಲ ಯೋಚಿಸಿಯೇ ಮಾಡಿದ್ದು.

ಜನವರಿ ೯

ಮುದ್ದೆ. ಫೆಬ್ರವರಿ ಕೊನೆಯವರೆಗೂ ಇರಬಹುದು.

“ನನ್ನ ಇಪ್ಪತ್ತು ವರ್ಷದಲ್ಲಿ ಇಂಥ ಗೋಡೆ ನೋಡಿಲ್ಲ,” ಎಂದರು ಪಾಸೆವಾಕ್. “ಮೇಲ್ಗಡೆ ಕೋಣೆ ಎರಡು ತಿಂಗಳಲ್ಲಿ ಒಣಗಿ ಹೋಯ್ತು. ನೀವು ಉಸಿರಾಡ್ತೀರೋ ಇಲ್ವೋ?”

ಬ್ರೂನೊ ಕಣ್ಣು ಮುಚ್ಚಿಕೊಂಡೇ, “ಆಡ್ತೀವಿ ಸ್ವಾಮಿ. ಸರದಿ ಪ್ರಕಾರ,” ಅಂದ.

ಜನವರಿ ೨೧

ಡಾಕ್ಟರ್ ಕಾಲಿಷರ್ ಸಿಟ್ಟಾದರು.

“ನವೆಂಬರ್‌ನಲ್ಲೇ ಹೇಳಿದ್ನಲ್ಲಮ್ಮ! ಈಗ ಈ ಚಳಿಯಲ್ಲಿ ಎತ್ತಿಕೊಂಡು ಹೋದ್ರೆ ದಾರಿಯಲ್ಲೇ ಹೋಗ್ತಾರೆ. ಬೆಚ್ಚಗಿಡಿ. ಗೋಡೆಯಿಂದ ಹಾಸಿಗೆ ದೂರ ಮಾಡಿ. ಹಬೆ ಆಗೋ ಹಾಗೆ ಏನೂ ಮಾಡ್ಬೇಡಿ.”

ಕೇಳಿದೆಯಾ, ಎತ್ತಿಕೊಂಡು ಹೋಗಬಾರದಂತೆ! ನಾನು ಹೇಳಿದ್ದೂ ಇದನ್ನೇ. ಹಾಸಿಗೆಯನ್ನು ಗೋಡೆಯಿಂದ ಸರಿಸಿ ಕಿಟಕಿಯ ಎದುರಿಗೇ ತಂದೆ. ಈಗ ಮಲಗಿದಲ್ಲಿಂದಲೇ ಎಲ್ಲ ಕಾಣುತ್ತದೆ. ಗೋಡೆಯ ಹತ್ತಿರ ಹೋಗಲು ನನಗೂ ಜಾಗವಾಯಿತು.

ಜನವರಿ ೨೭

ಕೈಸರ್ ಹುಟ್ಟುಹಬ್ಬ. ಮನೆಮನೆಗೂ ಬಾವುಟ. ಮಕ್ಕಳಿಗೆ ರಜಾ, ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಜಾರುತ್ತಿದ್ದಾರೆ. ಬ್ಯಾಂಡು ಬಾರಿಸಿಕೊಂಡು ಒಂದು ದಂಡು ಟೆಂಪೆಲ್‌ಹೋಫ್ ಬಯಲಿನ ಕಡೆ ಹೋಯಿತು. ಕೆಳಗಿನ ಬೀದಿಯ ಪ್ರತಿಯೊಂದು ಟೊಪ್ಪಿಗೆಯನ್ನೂ ನಾನು ಈಗ ಬಲ್ಲೆ. ಒಂಬತ್ತಕ್ಕೆ ಹೋಗುವ ಬೂದು ಟೊಪ್ಪಿಗೆಯವರು ಇವತ್ತು ಹೋಗಲಿಲ್ಲ, ಮೈ ಹುಷಾರಿಲ್ಲವೇನೋ ಎಂದು ಇಡೀ ದಿನ ಅನ್ನಿಸುತ್ತಿತ್ತು. ರಜವೆಂದು ಸಂಜೆ ಹೊಳೆಯಿತು.

ಬ್ರೂನೊ ಬ್ಯಾಂಡ್ ಕೇಳಿ ಕಣ್ಣು ತೆರೆದ. ಬೆಳಕು ಚುಚ್ಚುತ್ತದೆಂದು ಮುಖದ ಮೇಲೆ ತೋಳಿಟ್ಟುಕೊಂಡ. ನನ್ನ ಜೆರೇನಿಯಂ ಹೂಗಿಡದ ಕುಂಡವನ್ನು ಕಿಟಕಿಗೆ ಅಡ್ಡ ಇಟ್ಟೆ.

ಫೆಬ್ರವರಿ ೩

ಗೋಡೆ. ಅರ್ಧ ಬಕೆಟ್.

ಫೆಬ್ರವರಿ ೬

ಅವನು ಏನೂ ತಿನ್ನಲಿಲ್ಲ. ಹುಲ್ಡಾಳ ರೊಟ್ಟಿಯ ಮೇಲಿನ ಗಟ್ಟಿ ಪದರವನ್ನು ಹಾಲಿನಲ್ಲಿ ನೆನೆಸಿ ಕೊಟ್ಟೆ, ಅದೊಂದು ಇಳಿಯಿತು.

ಫೆಬ್ರವರಿ ೧೧

ಮಧ್ಯಾಹ್ನ ಅವನು ನಿದ್ದೆ ಹೋದನೆಂದು ಸ್ಪಂಜು ಹಿಡಿದು ನಿಂತಿದ್ದೆ. ಹಿಂದಿನಿಂದ ದನಿ ಬಂತು.

“ಕುಡಿಸಿದ್ಯಾ?”

ತಿರುಗಿದೆ. ಕಣ್ಣು ಮುಚ್ಚಿಯೇ ಇತ್ತು.

“ಏನನ್ನ?”

“ಗೋಡೇನ. ಪಾಪ, ಬಾಯಾರಿರುತ್ತೆ.”

ನನ್ನ ಕೈಯಿಂದ ನೀರು ತೊಟತೊಟ ನೆಲಕ್ಕೆ ಬೀಳುತ್ತಿತ್ತು. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಏನು ಉತ್ತರ ಹೇಳಬೇಕೆಂದೂ ಸಿದ್ಧವಿತ್ತು, ಚಳಿ, ಕೈಗಾಡಿ, ಡಾಕ್ಟರ ಮಾತು, ಎಲ್ಲ.

“ಸ್ಪಂಜಿಟ್ಟು ಕಿಟಕಿ ಹತ್ರ ಹೋಗು ಮಾಲಿ. ಏನೇನು ಕಾಣ್ಸುತ್ತೆ ಹೇಳು.”

ಹೇಳಿದೆ. ಕಾಲುವೆಯ ಮಂಜುಗಡ್ಡೆ ಒಡೆಯಲು ಉದ್ದ ಕೋಲು ಹಿಡಿದು ಬಂದವರು, ಒಡೆಯಬೇಡಿ ಎಂದು ಅತ್ತ ಮಕ್ಕಳು, ಅವರನ್ನು ಎಳೆದುಕೊಂಡು ಹೋದ ತಾಯಂದಿರು. ದೂರದಲ್ಲಿ ಮೇಲುಸೇತುವೆಯ ರೈಲು ಹೋದದ್ದು. ಅವನು ನಡುವೆ ‘ಹೂಂ’, ‘ಆಮೇಲೆ?’ ಎನ್ನುತ್ತಿದ್ದ.

ಒಂದು ಮಾತೂ ಬೈಯಲಿಲ್ಲ. ಎಂದರೆ ಅವನಿಗೂ ಇಲ್ಲೇ ಇರುವ ಆಸೆ. ನನಗೆ ನೆಮ್ಮದಿಯಾಯಿತು. ಇನ್ನು ಅವನು ನಿದ್ದೆ ಮಾಡುವುದನ್ನು ಕಾಯಬೇಕಾಗಿಲ್ಲ.

ಫೆಬ್ರವರಿ ೨೪

ಪಾಸೆವಾಕ್. ಮುದ್ದೆ. ಅವರು ಈ ಸಲ ನಗಲಿಲ್ಲ. ಏಪ್ರಿಲ್ ಒಂದಕ್ಕೆ ತೆರಿಗೆ ಇಲಾಖೆಯ ಅಧಿಕಾರಿಯ ಸಂಸಾರ ಬರುತ್ತದಂತೆ, ಮಾರ್ಚ್ ನಡುವಿಗೆ ಕಾಗದ ಅಂಟಿಸುವವರನ್ನು ಗೊತ್ತು ಮಾಡಿದ್ದಾರಂತೆ. ಹಾಸಿಗೆಯ ಕಡೆ ನೋಡಿ ದನಿ ತಗ್ಗಿಸಿದರು.

“ಏನೋಪ್ಪ, ಈ ಸ್ಥಿತಿಯಲ್ಲಿ ನಿಮ್ಮನ್ನ ಏಳಿ ಅಂತ ನಾನು ಹೇಗೆ ಹೇಳ್ಲಿ.”

ಗೋಡೆ ಒಣಗಿದ್ದರೂ ಏಳಿ ಎನ್ನುತ್ತಿರಲಿಲ್ಲವೇನೋ. ಹೌದೋ ಅಲ್ಲವೋ. ಈಗ ಅದನ್ನೆಲ್ಲ ಯೋಚಿಸಿ ಏನು ಪ್ರಯೋಜನ.

ಮಾರ್ಚ್ ೫

ಮೂರು ದಿನದಿಂದ ಜ್ವರ ಇಳಿದಿಲ್ಲ. ಬಾಯಿಗೆ ಬಂದ ಸ್ಟಾಪುಗಳ ಹೆಸರು ಕೂಗುತ್ತಾನೆ. ಅಲೆಕ್ಸಾಂಡರ್ ಚೌಕ ಬಂದಾಗ ಕೈ ಎತ್ತಿ ಇಲ್ಲದ ಟೊಪ್ಪಿಗೆ ತೆಗೆಯುತ್ತಾನೆ.

ಮಧ್ಯಾಹ್ನ ಒಮ್ಮೆ ಸ್ಪಷ್ಟವಾಗಿ, “ಮಾಲಿ, ನನ್ನ ಒಲೆ ಕಡೆ ತಿರುಗಿಸು” ಅಂದ. ಜ್ವರದ ಮಾತು. ಕಿಟಕಿಯಲ್ಲಿ ಅಷ್ಟು ಒಳ್ಳೆಯ ಬಿಸಿಲಿತ್ತು, ತಿರುಗಿಸಲಿಲ್ಲ.

ಮಾರ್ಚ್ ೬

ಬ್ರೂನೊ ಹೋದ. ಬೆಳಿಗ್ಗೆ, ನಾನು ಕಾಫಿ ಸೋಸುವಾಗ.

ಮಾರ್ಚ್ ೭

ನಿಚ್ಕೆಯಮ್ಮ ಕಿಟಕಿ ಹಾರುಹೊಡೆದಳು. ಸತ್ತವರಿದ್ದ ಮನೆಯಲ್ಲಿ ತೆರೆದಿಡಬೇಕು, ಇಲ್ಲದಿದ್ದರೆ ಜೀವಕ್ಕೆ ದಾರಿ ಸಿಗುವುದಿಲ್ಲ. ಕನ್ನಡಿಗೆ ಬಟ್ಟೆ ಹೊದಿಸಿದಳು. ಒಲೆ ಹಚ್ಚಲು ನಾನೇ ಬಿಡಲಿಲ್ಲ.

“ಅಳ್ರೀ,” ಅಂದಳು. “ಅತ್ತುಬಿಡಿ. ನಾನು ಬಾಗಿಲು ಹಾಕ್ಕೊಂಡಿರ್ತೀನಿ.”

ಅಳು ಬರಲಿಲ್ಲ. ಕಿಟಕಿಯ ಬಳಿ ಹೋಗಿ ನಿಂತೆ. ಕೆಳಗೆ ಯಾರೋ ಹೋಗುತ್ತಿದ್ದರು, ಯಾರೆಂದು ನೋಡಲಿಲ್ಲ.

ಮಾರ್ಚ್ ೧೦

ಮಣ್ಣು ಮಾಡಿ ಬಂದೆವು. ಗಾಡಿಯವನು ಚೌಕದ ಮೇಲೆ ಹಾಯ್ದು ಹೋಗಲು ಒಪ್ಪಲಿಲ್ಲ, ಅದು ಸುತ್ತುದಾರಿ. ಹುಲ್ಡಾ ಜೇಬಿನಿಂದ ಏನೋ ಕೊಟ್ಟು ಒಪ್ಪಿಸಿದಳು. ತಾಮ್ರದ ಹೆಣ್ಣು ಕೈ ಚಾಚಿಕೊಂಡು ನಿಂತಿದ್ದಳು. ಹುಲ್ಡಾ ಜೋರಾಗಿ ಅತ್ತಳು. ನಾನು ಅವಳ ಕೈ ಹಿಡಿದುಕೊಂಡೆ, ಗಾಡಿ ನಿಲ್ಲುವವರೆಗೂ ಬಿಡಲಿಲ್ಲ.

ಮಾರ್ಚ್ ೧೬

ಕಿಟಕಿ ಆವತ್ತಿನಿಂದ ಹಾಗೇ ತೆರೆದಿದೆ. ಮೂಡಣ ಗಾಳಿ, ಬಿಸಿಲು. ಒಲೆ ಹಚ್ಚಿಲ್ಲ, ಬಟ್ಟೆ ಒಗೆದಿಲ್ಲ. ಸ್ಪಂಜು ಬಕೆಟ್ಟಿನ ಅಂಚಿನಲ್ಲಿ ಕಲ್ಲಿನ ಹಾಗೆ ಒಣಗಿ ಕೂತಿದೆ.

ಪಾಸೆವಾಕ್ ಕಾಗದ ಅಂಟಿಸುವವನನ್ನು ಕರೆದುಕೊಂಡು ಬಂದರು. ಟೊಪ್ಪಿಗೆ ತೆಗೆದು ನಾಲ್ಕು ಮಾತು ಒಳ್ಳೆಯದಾಗಿ ಆಡಿದರು. ಆಮೇಲೆ ಬೀಗದ ಕೈ ತೆಗೆದು ಕೆರೆದರು. ಬಿಳಿ ಹಿಟ್ಟು ಅವರ ಕಪ್ಪು ಬೂಟಿನ ಮೇಲೆಲ್ಲ ಉದುರಿತು.

“ಅಬ್ಬಬ್ಬಾ! ಇಡೀ ಚಳಿಗಾಲ ಆಗದ್ದು ಒಂದು ವಾರದಲ್ಲಿ ಆಗಿದೆಯಲ್ರೀ. ಏನು ಮಾಡಿದ್ರಿ?”

“ಏನೂ ಮಾಡ್ಲಿಲ್ಲ,” ಅಂದೆ.

ಅದು ನಿಜವೇ. ಈ ವಾರ ನಾನು ಏನೂ ಮಾಡಲಿಲ್ಲ.

“ಹಂಗಾದ್ರೆ ನಿಮ್ಮ ಯಜಮಾನ್ರದ್ದೇ ಇರ್ಬೇಕು. ಜ್ವರದ ಬೆವರು, ಕೆಮ್ಮು, ಆ ಉಸಿರು. ಖಾಯಿಲೆಯವರಿದ್ದ ಕೋಣೆ ಒಣಗೋದಿಲ್ಲ, ನಾನು ಬೇರೆ ಕಡೇನೂ ನೋಡಿದ್ದೀನಿ. ಪಾಪ, ಅವರೇನು ಬೇಕು ಅಂತ ಮಾಡ್ತಾರಾ.”

ಕಾಗದದವನು ಗೋಡೆ ಅಳೆಯುತ್ತಿದ್ದ. ಇಬ್ಬರೂ ನನ್ನ ಮಾತಿಗೆ ಕಾಯುತ್ತಿದ್ದ ಹಾಗಿತ್ತು.

“ಇರ್ಬೇಕು,” ಅಂದೆ.

ಅವರು ಹೋದ ಮೇಲೆ ಉದುರಿದ ಹಿಟ್ಟನ್ನು ಗುಡಿಸಿದೆ. ಎಷ್ಟು ಗುಡಿಸಿದರೂ ನೆಲದ ಸಂದಿನಲ್ಲಿ ಬೆಳ್ಳಗೆ ಉಳಿಯುತ್ತದೆ. ಬ್ರೂನೊ, ಅವರ ಎದುರಿಗೆ ನಿನ್ನ ಹೆಸರು ಹೇಳಿದೆ. ನೀನಿದ್ದಿದ್ದರೆ ಏನಾದರೊಂದು ಅಂದು ಎಲ್ಲರನ್ನೂ ನಗಿಸಿಬಿಡುತ್ತಿದ್ದೆ.

ಏಪ್ರಿಲ್ ೨

ನಿನ್ನೆ ಮತ್ತೆ ಊರೆಲ್ಲ ಹಾಸಿಗೆ ಹೇರಿಕೊಂಡು ಬೀದಿಗೆ ಬಂದಿತ್ತು. ಲಿಖ್ಟೆನ್‌ಬರ್ಗ್‌ನಲ್ಲಿ ಕೋಣೆ ಕೊಡುತ್ತೇನೆಂದು ಪಾಸೆವಾಕ್ ಹೇಳಿದ್ದರು. ಒಬ್ಬಳ ಉಸಿರಿಗೆ ಗೋಡೆ ಒಣಗುವುದಿಲ್ಲ ಎಂದು ನಾನೇ ಬೇಡವೆಂದೆ. ಹುಲ್ಡಾಳೇ ಕೈಗಾಡಿ ತಂದಿದ್ದಳು. ಅವಳು ಎಳೆದಳು, ನಾನು ತಳ್ಳಿದೆ. ಸೇತುವೆಯ ಮೇಲೆ ತಿರುಗಿ ನೋಡಿದೆ. ನನ್ನ ಕಿಟಕಿಯಲ್ಲಿ ಆಗಲೇ ಬೇರೆ ಪರದೆ ಇತ್ತು, ಹೊಸದು, ತೇಪೆಯಿಲ್ಲದ್ದು. ನನ್ನ ಕಿಟಕಿ ಎಂದು ಬರೆದೆ. ಬ್ರೂನೊನ ಕಿಟಕಿ.

ಹುಲ್ಡಾಳ ಕೋಣೆಯಲ್ಲಿ ಹೊಸ ರೊಟ್ಟಿಯ ವಾಸನೆ. ಗೋಡೆಗೆ ತಾಗಿದ ಹಾಸಿಗೆ ಹೊದಿಕೆ ಹಾಸಿ ಸಿದ್ಧವಾಗಿತ್ತು.

“ಅಕ್ಟೋಬರ್‌ನಿಂದ ಹೀಗೇ ಹಾಸಿಟ್ಟಿದೀನಿ,” ಅಂದಳು. “ನೀನು ಬೇಡ ಅಂದ್ರೂ ಅವನನ್ನಾದ್ರೂ ಹೊತ್ಕೊಂಡು ಬರೋಣ ಅಂತಲೇ ಕ್ರಿಸ್ಮಸ್‌ಗೆ ಬಂದಿದ್ದೆ. ಕಾಲು ಹಿಡ್ಕೊಂಡೆ ಕಣೇ ಅವನದ್ದು.”

“ಅವನಿಗೆ ಕಿಟಕಿ ಬಿಟ್ಟು ಬರೋಕೆ ಮನಸ್ಸಿರಲಿಲ್ಲ.”

ಹುಲ್ಡಾ ನನ್ನನ್ನು ನೋಡಿದಳು. ಅವಳ ದನಿಯಲ್ಲಿ ಕುಟುಕು ಇರಲಿಲ್ಲ, ಇದ್ದಿದ್ದರೆ ತಿರುಗಿ ಕುಟುಕುತ್ತಿದ್ದೆ.

“ಅವನೇನು ಅಂದ ಗೊತ್ತಾ? ‘ಮಾಲಿ ನೆಲಮಾಳಿಗೆಯಲ್ಲಿ ಬೆಳೆದವಳು ಹುಲ್ಡಾ. ಮದುವೆಯಾದ ಮೇಲೆ ಅವಳಿಗೆ ನಾನು ಏನೂ ಕೊಟ್ಟಿಲ್ಲ. ಈಗೊಂದು ಕಿಟಕಿ ಸಿಕ್ಕಿದೆ, ಇದ್ದಷ್ಟು ದಿನ ನೋಡ್ಕೊಳ್ಲಿ, ನಾನು ತಡ್ಕೋತೀನಿ’ ಅಂದ.”

ಹುಲ್ಡಾ ತಪ್ಪು ತಿಳಿದಿದ್ದಾಳೆ. ಕಿಟಕಿ ಬೇಕಾಗಿದ್ದದ್ದು ಅವನಿಗೆ. ಅವನಿಗಾಗಿಯೇ ನಾನು ಅಷ್ಟೆಲ್ಲ ಮಾಡಿದ್ದು. ಇಲ್ಲದಿದ್ದರೆ ಯಾಕೆ ಮಾಡುತ್ತಿದ್ದೆ.

ಮಲಗಿದೆ. ಬೆನ್ನಿಗೆ ಗೋಡೆ ತಾಗಿತು. ಬೆಚ್ಚಗೆ, ಒಣಗಿ, ಒಳಗೆಲ್ಲೋ ಭಟ್ಟಿಯ ಬೆಂಕಿ ಗುರ್ರೆನ್ನುವುದು ಕೇಳುವಷ್ಟು ಹತ್ತಿರ. ಎದ್ದು ಕೂತೆ. ಮತ್ತೆ ಮಲಗಿದೆ, ಮತ್ತೆ ಎದ್ದೆ. ಕೊನೆಗೆ ಹುಲ್ಡಾಳನ್ನು ಕರೆದು, ಹಾಸಿಗೆಯನ್ನು ಆ ಕಡೆ ಮೂಲೆಗೆ ಎಳೆಯಲು ಒಂದು ಕೈ ಕೊಡು ಅಂದೆ.

“ಯಾಕೇ? ಇಡೀ ಮನೇಲಿ ಬೆಚ್ಚಗಿರೋ ಗೋಡೆ ಅದೊಂದೇ ಕಣೇ.”

“ಗೊತ್ತು,” ಅಂದೆ.